ಗುಳೆ ಹೋದವರ ಮಕ್ಕಳಿಗೆ ಊರು ಯಾವುದು?

ಸರ್ಕಾರಿ ಅರ್ಜಿಗಳಲ್ಲಿ ಕೇಳುವ ಪ್ರಶ್ನೆಗಳ ಪೈಕಿ 'ಹುಟ್ಟಿದ ಊರು' ಎಂಬುದು ತೀರ ಸುಲಭವಾದದ್ದು ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಅದು ಅಷ್ಟು ಸುಲಭವಲ್ಲ. ತಂದೆ ಜೇವರ್ಗಿ ಕಡೆಯ ತಾಂಡಾದವನು, ತಾಯಿ ಆಳಂದ ಸೀಮೆಯವಳು. ಮಗು ಹುಟ್ಟಿದ್ದು ಪುಣೆಯಲ್ಲಿ, ಇಬ್ಬರೂ ಕಟ್ಟಡದ ಕೆಲಸಕ್ಕೆ ಇದ್ದಾಗ. ಒಂದನೆಯ ತರಗತಿ ಮುಂಬೈಯಲ್ಲಿ, ಮೂರನೆಯದು ಅಜ್ಜಿಯ ಊರಿನಲ್ಲಿ, ಐದನೆಯದು ಮತ್ತೆ ಪುಣೆಯಲ್ಲಿ. ಈ ಮಗು ಎಲ್ಲಿಯದು? ಕೇಳಿದರೆ ತಾಯಿ ಥಟ್ಟನೆ ಅಜ್ಜಿಯ ಊರಿನ ಹೆಸರನ್ನೇ ಹೇಳುತ್ತಾಳೆ. ಆದರೆ ಕಚೇರಿಗಳು ತಾಯಿಯ ಮಾತನ್ನು ಕೇಳುವುದಿಲ್ಲ, ಕಾಗದವನ್ನು ಕೇಳುತ್ತವೆ. ಆ ಕಾಗದ ಏನು ಹೇಳುತ್ತದೆ ಎಂಬುದರ ಮೇಲೆ ಹದಿನೆಂಟನೆಯ ವಯಸ್ಸಿನಲ್ಲಿ ಆ ಮಗುವಿಗೆ ಸಿಗುವ ಕಾಲೇಜು, ನಂತರ ಸಿಗುವ ನೌಕರಿ ನಿಂತಿವೆ.

ಈ ಭಾಗದ ಜನ ಪಶ್ಚಿಮಕ್ಕೆ ದುಡಿಯಲು ಹೋಗುವುದು ಇಂದು ನಿನ್ನೆಯದಲ್ಲ. ಮುಂಬೈಯಿಂದ ರಾಯಚೂರಿನವರೆಗಿನ ರೈಲು ಹಳಿ 1871ರಲ್ಲಿ ಪೂರ್ಣಗೊಂಡಿತು. ಸೊಲ್ಲಾಪುರ, ದುಧನಿ, ಗಾಣಗಾಪುರ ರೋಡ್, ಕಲಬುರ್ಗಿ ಒಂದೇ ಸಾಲಿಗೆ ಬಂದವು. ಅದೇ ದಶಕದಲ್ಲಿ ಸೊಲ್ಲಾಪುರದಲ್ಲಿ ಬಟ್ಟೆಯ ಗಿರಣಿ ಶುರುವಾಯಿತು. ಮುಂದೆ ಜನ ಅದನ್ನು 'ಜುನಿ ಮಿಲ್' ಎಂದು ಕರೆದರು. ಆಗ ಆಳಂದ ನಿಜಾಮರದು, ಪಕ್ಕದ ಅಕ್ಕಲಕೋಟೆ ಒಬ್ಬ ಮರಾಠ ರಾಜನದು, ಸೊಲ್ಲಾಪುರ ಬ್ರಿಟಿಷರದು. ಒಂದು ದಿನದ ಪ್ರಯಾಣದಲ್ಲಿ ಮೂರು ಸರ್ಕಾರ ದಾಟಬೇಕಾಗಿತ್ತು. ಆದರೆ ದಾರಿಯುದ್ದಕ್ಕೂ ಕನ್ನಡ ಕೇಳಿಸುತ್ತಿದ್ದುದರಿಂದ ದಾಟಿದವರಿಗೆ ಪರದೇಶಕ್ಕೆ ಬಂದೆವೆಂದು ಅನ್ನಿಸಿರಲಾರದು. ಸೊಲ್ಲಾಪುರವಾದರೂ ವಚನಕಾರ ಸಿದ್ಧರಾಮನ ಊರೇ ತಾನೆ.

ಮಳೆಯನ್ನೇ ನಂಬಿದ ಕಪ್ಪು ನೆಲ, ವರ್ಷಕ್ಕೊಂದು ತೊಗರಿಯ ಬೆಳೆ, ಅದು ಕೈಕೊಟ್ಟರೆ ಊರಲ್ಲಿ ಕೆಲಸವಿಲ್ಲ. 1972ರ ಬರಗಾಲದ ಮಾತು ಈಗಲೂ ಹಳಬರ ಬಾಯಲ್ಲಿದೆ. ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೆ, ಗಾರೆ ಕೆಲಸಕ್ಕೆ ಮುಂಬೈ, ಪುಣೆ, ಹೈದರಾಬಾದಿಗೆ ಹೋಗುವ ಗುಂಪುಗಳು ಮುಕಾದಮನಿಂದ ಮುಂಗಡ ಪಡೆದು ಹೊರಡುತ್ತವೆ. ಎಷ್ಟು ಜನ ಹೋಗುತ್ತಾರೆಂದು ಹೊರಗಿನವರಿಗೆ ಸ್ವಲ್ಪವಾದರೂ ಕಂಡದ್ದು 2020ರ ಮೇ ತಿಂಗಳಲ್ಲಿ, ಕೊರೋನಾ ಕಾಲದ ವಿಶೇಷ ರೈಲುಗಳಲ್ಲಿ ಮುಂಬೈಯಿಂದ ಕಲಬುರ್ಗಿಗೆ ಅವರು ಹಿಂತಿರುಗಿದಾಗ.

ಈ ಕಥೆಗೆ ದೂರದ ಒಂದು ಹೋಲಿಕೆ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪೋಲೆಂಡಿನ ರೈತರು ಲಕ್ಷಗಟ್ಟಲೆ ಅಮೆರಿಕಕ್ಕೆ ಹೋಗಿ ಷಿಕಾಗೋದಂಥ ನಗರಗಳ ಕಾರ್ಖಾನೆ, ಕಸಾಯಿಖಾನೆಗಳಲ್ಲಿ ದುಡಿದರು. ಆಗ ಭೂಪಟದಲ್ಲಿ ಪೋಲೆಂಡ್ ಎಂಬ ದೇಶವೇ ಇರಲಿಲ್ಲ. ರಷ್ಯ, ಜರ್ಮನಿ, ಆಸ್ಟ್ರಿಯಗಳು ಅದನ್ನು ಹಂಚಿಕೊಂಡಿದ್ದವು. ಹಾಗಾಗಿ ಹಡಗಿಳಿದ ಪೋಲಿಷ್ ಮನುಷ್ಯನ ಕಾಗದದಲ್ಲಿ ರಷ್ಯದವನೆಂದೋ ಆಸ್ಟ್ರಿಯದವನೆಂದೋ ಬರೆದಿರುತ್ತಿತ್ತು. ರಷ್ಯದ ಪಾಲಿನ ಪ್ರದೇಶದಲ್ಲಿ 1868ರ ನಂತರ ಇಗರ್ಜಿಯ ಜನನ ದಾಖಲೆಗಳನ್ನೂ ರಷ್ಯನ್ ಭಾಷೆಯಲ್ಲೇ ಬರೆಯುತ್ತಿದ್ದರು. ಅವರ ಮೊಮ್ಮಕ್ಕಳು ಇಂದು ತಮ್ಮ ಮೂಲ ಹುಡುಕಹೊರಟರೆ ಅಜ್ಜನಿಗೇ ಬಾರದ ಭಾಷೆಯಲ್ಲಿ ಅಜ್ಜನ ಹೆಸರನ್ನು ಹುಡುಕಬೇಕು. 2007ರಲ್ಲಿ ಪೋಲೆಂಡ್ ಒಂದು ಕಾಯ್ದೆ ಮಾಡಿ, ಹೊರಗಿರುವ ತನ್ನ ಮೂಲದವರಿಗೆ 'ಪೋಲರ ಕಾರ್ಡ್' ಕೊಡತೊಡಗಿತು. ಮೊದಲು ಅದು ಹಿಂದಿನ ಸೋವಿಯತ್ ಒಕ್ಕೂಟದ ದೇಶಗಳಲ್ಲಿದ್ದವರಿಗಷ್ಟೇ ಇತ್ತು. 2019ರಲ್ಲಿ ಅಮೆರಿಕ ಸೇರಿದಂತೆ ಎಲ್ಲೆಡೆಯವರಿಗೂ ತೆರೆಯಿತು. ಅದನ್ನು ಪಡೆಯಲು ಪೂರ್ವಜರ ದಾಖಲೆ ಬೇಕು, ಜೊತೆಗೆ ಪೋಲಿಷ್ ಭಾಷೆಯ ಅಲ್ಪಸ್ವಲ್ಪವಾದರೂ ಜ್ಞಾನ ಬೇಕು.

ದಾಖಲೆ ಮತ್ತು ಭಾಷೆ: ನಮ್ಮ ಗುಳೆಯವರ ಮಕ್ಕಳಿಂದ ಕರ್ನಾಟಕ ಕೇಳುವುದೂ ಇವೆರಡನ್ನೇ.

ಮೊದಲು ದಾಖಲೆಯ ಮಾತು. 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371ಜೆ ವಿಧಿ, ಆಗ ಹೈದರಾಬಾದ್ ಕರ್ನಾಟಕವೆಂದೂ 2019ರಿಂದ ಕಲ್ಯಾಣ ಕರ್ನಾಟಕವೆಂದೂ ಕರೆಯಲಾಗುವ ಪ್ರದೇಶದವರಿಗೆ ಮೀಸಲಾತಿ ಕೊಟ್ಟಿತು. 2013ರ ಆದೇಶಗಳ ಪ್ರಕಾರ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟು, ರಾಜ್ಯದ ಉಳಿದೆಡೆ ಶೇ 8; ಇಲ್ಲಿನ ಸರ್ಕಾರಿ ಹುದ್ದೆಗಳಲ್ಲಿ ದರ್ಜೆಗೆ ತಕ್ಕಂತೆ ಶೇ 75ರಿಂದ 85. ಇದು ಸಣ್ಣ ಸೌಲಭ್ಯವಲ್ಲ. ಆದರೆ ಸಂವಿಧಾನದ ಮಾತು 'ಹುಟ್ಟಿನಿಂದ ಅಥವಾ ವಾಸದಿಂದ' ಈ ಪ್ರದೇಶಕ್ಕೆ ಸೇರಿದವರು ಎಂದಿದೆ. ಪುಣೆಯಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿನ ದಾರಿ ಮುಚ್ಚಿತು; ಊರೂರು ಅಲೆದು ಓದಿದ್ದರಿಂದ ವಾಸದ ದಾರಿಯೂ ಕಿರಿದಾಯಿತು. ಉಳಿಯುವುದು ತಂದೆತಾಯಿಯ ದಾಖಲೆ. ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ಅವರ ಮುಂದೆ ತಂದೆಯೋ ತಾಯಿಯೋ ಈ ನೆಲದವರೆಂದು ತೋರಿಸಲು ಊರಿನ ಶಾಲೆಯ ದಾಖಲು ಪುಸ್ತಕದ ಪ್ರತಿ, ವ್ಯಾಸಂಗ ಪ್ರಮಾಣಪತ್ರ, ಪಹಣಿಗಳಿಗಿಂತ ಗಟ್ಟಿಯಾದ ಆಸರೆ ಇಲ್ಲ. ಎರಡೇ ತರಗತಿ ಓದಿ ಶಾಲೆ ಬಿಟ್ಟ ತಂದೆಯ ಹೆಸರು ಹಳ್ಳಿಯ ಶಾಲೆಯ ಆ ದೊಡ್ಡ ಪುಸ್ತಕದಲ್ಲಿ ಒಂದು ಸಾಲಾಗಿ ಉಳಿದಿರುತ್ತದೆ. ಆ ಸಾಲಿನ ಬೆಲೆ ಬರೆದ ಮಾಸ್ತರರಿಗೂ ಗೊತ್ತಿದ್ದಿರಲಾರದು.

ಮಗುವಿನ ಜನನ ಪತ್ರದ ವಿಚಾರದಲ್ಲಿ ಒಂದು ತಪ್ಪು ಕಲ್ಪನೆ ಬಹಳ ಕಡೆ ಇದೆ. ಊರಿಗೆ ಬಂದಾಗ ಬರೆಸಿದರಾಯಿತು ಎನ್ನುತ್ತಾರೆ. 1969ರ ಕಾಯ್ದೆಯಂತೆ ಜನನ ನೋಂದಣಿಯಾಗುವುದು ಮಗು ಹುಟ್ಟಿದ ಸ್ಥಳದಲ್ಲಿ, ತಂದೆತಾಯಿಯ ಊರಿನಲ್ಲಲ್ಲ. 21 ದಿನದೊಳಗಾದರೆ ಶುಲ್ಕವಿಲ್ಲ. ಅನಂತರ ದಂಡ, ಅನುಮತಿ, ಪ್ರಮಾಣಪತ್ರ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಹೆಸರಿಡುವ ಮೊದಲೇ ಊರಿಗೆ ಬಂದಿದ್ದರೆ ಚಿಂತೆಯಿಲ್ಲ, ಹೆಸರನ್ನು ಮುಂದೆ ಸೇರಿಸಲು ಅವಕಾಶವಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶ, ಮತದಾರರ ಪಟ್ಟಿ, ಸರ್ಕಾರಿ ನೌಕರಿ ಮೊದಲಾದುವಕ್ಕೆ ಹುಟ್ಟಿದ ದಿನ ಮತ್ತು ಸ್ಥಳದ ಆಧಾರವೆಂದರೆ ಈ ಪತ್ರವೇ. ಹಿಂದಿನಂತೆ ಹೆಡ್ ಮಾಸ್ತರರು ಅಂದಾಜಿನ ಮೇಲೆ ಜೂನ್ 1 ಎಂದು ಬರೆದುಕೊಳ್ಳುವ ಕಾಲ ಮುಗಿಯಿತು. ಆದ್ದರಿಂದ ಪುಣೆ ಮಹಾನಗರಪಾಲಿಕೆಯ ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನವೇ ಈ ಕೆಲಸ ಮುಗಿಸಿಕೊಳ್ಳಬೇಕು.

ಜಾತಿಯ ದಾಖಲೆಯದು ಇನ್ನೂ ಜಟಿಲ. ಇಲ್ಲಿನ ತಾಂಡಾಗಳ ಲಂಬಾಣಿಗರನ್ನೇ ನೋಡಿ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಅದೇ ಜನ ವಿಮುಕ್ತ ಜಾತಿ. ಪೂರ್ವಕ್ಕೆ ತಿರುಗಿ ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ. ಭಾಷೆ ಒಂದೇ, ಉಡುಗೆ ಒಂದೇ, ಸೇವಾಲಾಲ ಒಬ್ಬನೇ. ಆದರೂ ಮೂರು ರಾಜ್ಯದಲ್ಲಿ ಮೂರು ಪಟ್ಟಿ. ಅಣ್ಣ ಹೈದರಾಬಾದಿಗೆ, ತಮ್ಮ ಮುಂಬೈಗೆ ಹೋದರೆ ಅಣ್ಣತಮ್ಮಂದಿರ ಸುತ್ತಲಿನ ಸಮಾಜವೇ ಬೇರೆ ಬೇರೆ ವರ್ಗವಾಗಿರುತ್ತದೆ. ಹಾಗೆಂದು ಹೊಸದಾಗಿ ಹೋದವರಿಗೆ ಅಲ್ಲಿನ ಪಟ್ಟಿ ಅನ್ವಯಿಸುತ್ತದೆಯೇ? ಇಲ್ಲ. ಆಂಧ್ರದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ, ಬಾಲ್ಯದಲ್ಲೇ ತಂದೆಯೊಡನೆ ಮುಂಬೈಗೆ ಬಂದ ವಿದ್ಯಾರ್ಥಿಯೊಬ್ಬ ಅಲ್ಲಿನ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನ ವಿರುದ್ಧ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 1990ರಲ್ಲಿ ಈ ಪ್ರಶ್ನೆಯನ್ನು ತೀರ್ಮಾನಿಸಿತು. ಒಂದು ರಾಜ್ಯದ ಪಟ್ಟಿಯ ಸೌಲಭ್ಯ ವಲಸೆ ಹೋದವನ ಜೊತೆ ಇನ್ನೊಂದು ರಾಜ್ಯಕ್ಕೆ ಹೋಗುವುದಿಲ್ಲ ಎಂದಿತು. ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಜಾತಿಯ ಪತ್ರ ಕೇಳುವವರು ತಮ್ಮ ಕುಟುಂಬ 1950ರ ಆಗಸ್ಟ್ 10ರಂದು ಅಲ್ಲೇ ಇತ್ತೆಂದು ತೋರಿಸಬೇಕು. ವಿಮುಕ್ತ ಜಾತಿಯವರಿಗೆ ಆ ಗಡುವು 1961. ಎಪ್ಪತ್ತರ ದಶಕದ ಬರಗಾಲದಲ್ಲಿ ಹೋದವರು ಈ ಲೆಕ್ಕಕ್ಕೇ ಬರುವುದಿಲ್ಲ.

ಆದರೆ ಈ ತೀರ್ಪಿಗೆ ಇನ್ನೊಂದು ಮುಖವಿದೆ, ಅದು ಜನರಿಗೆ ಅಷ್ಟಾಗಿ ತಿಳಿದಿಲ್ಲ. ಹೋದ ರಾಜ್ಯದಲ್ಲಿ ಹಕ್ಕು ಸಿಗದಿದ್ದರೂ ಬಿಟ್ಟ ರಾಜ್ಯದಲ್ಲಿನ ಹಕ್ಕು ಸಾಯುವುದಿಲ್ಲ. ಮೂವತ್ತು ವರ್ಷ ಮುಂಬೈಯಲ್ಲಿದ್ದವನ ಮಗನೂ ಕರ್ನಾಟಕದ ಮಟ್ಟಿಗೆ ತನ್ನ ಮೂಲದ ಜಾತಿಗೇ ಸೇರಿದವನು. ತಂದೆಗೆ ಮೂಲ ರಾಜ್ಯದಲ್ಲಿ ಕೊಟ್ಟ ಪತ್ರವಿದ್ದರೆ ಅದರ ಆಧಾರದ ಮೇಲೆ ಮಗನಿಗೆ ಈಗಿರುವ ರಾಜ್ಯದಲ್ಲೂ ಮೂಲ ರಾಜ್ಯವನ್ನು ನಮೂದಿಸಿದ ಪತ್ರ ಕೊಡಬಹುದೆಂದು ಕೇಂದ್ರ ಗೃಹ ಸಚಿವಾಲಯ 1980ರ ದಶಕದಲ್ಲೇ ಸೂಚಿಸಿದೆ. ಕೇಂದ್ರ ಸರ್ಕಾರದ ನೌಕರಿಗೆ ಅದು ಉಪಯೋಗಕ್ಕೆ ಬರುತ್ತದೆ. ಎಲ್ಲದರ ಬೇರು ತಂದೆಯ ಆ ಒಂದು ಪತ್ರ. ದುಡಿಯಲು ಹೋಗುವ ಮುಂಚೆ ತಹಸೀಲ ಕಚೇರಿಯಲ್ಲಿ ಅದನ್ನು ಮಾಡಿಸಿಟ್ಟವರಿಗೂ ಮಾಡಿಸದವರಿಗೂ ಒಂದು ತಲೆಮಾರಿನ ಅಂತರ ಬೀಳುತ್ತದೆ.

ಹೊಟ್ಟೆಯ ವಿಷಯದಲ್ಲಿ ಮಾತ್ರ ಸರ್ಕಾರಗಳು ಈಚೆಗೆ ಗಡಿಯನ್ನು ಸಡಿಲಿಸಿವೆ. 2020ರ ಜನವರಿಯಿಂದ ಕರ್ನಾಟಕದ ಪಡಿತರ ಚೀಟಿಗೆ ಮಹಾರಾಷ್ಟ್ರದ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಸಿಗುತ್ತದೆ. 2022ರ ಹೊತ್ತಿಗೆ ದೇಶವೆಲ್ಲ ಈ ವ್ಯವಸ್ಥೆಗೆ ಬಂತು. ಊರಲ್ಲಿರುವ ಮುದುಕರು ತಮ್ಮ ಪಾಲನ್ನು ಅಫಜಲಪುರದಲ್ಲಿ, ಹೋದವರು ತಮ್ಮದನ್ನು ಪುಣೆಯಲ್ಲಿ ಎತ್ತಿಕೊಳ್ಳಬಹುದು. ಆದರೆ ಹೊರಗೆ ಸಿಗುವುದು 2013ರ ಆಹಾರ ಭದ್ರತಾ ಕಾಯ್ದೆಯ ಪಾಲು ಮಾತ್ರ, ರಾಜ್ಯ ಸರ್ಕಾರ ಸೇರಿಸಿದ ಹೆಚ್ಚುವರಿಯಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗಳು ರಾಜ್ಯಕ್ಕೊಂದು ಇವೆ, ಒಂದರ ಕಾರ್ಡು ಇನ್ನೊಂದರಲ್ಲಿ ನಡೆಯುವುದಿಲ್ಲ. ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಕೆಲಸ ಮಾಡುವ ರಾಜ್ಯದಲ್ಲಿ ನೋಂದಾಯಿಸಿಕೊಳ್ಳಬೇಕು. ಅಂತರರಾಜ್ಯ ವಲಸೆ ಕಾರ್ಮಿಕರಿಗೆಂದು 1979ರಲ್ಲಿ ಬಂದ ಕಾಯ್ದೆಯ ಸ್ಥಾನಕ್ಕೆ 2025ರ ನವೆಂಬರ್ 21ರಿಂದ 2020ರ ಸಂಹಿತೆ ಬಂದಿದೆ. ಗುತ್ತಿಗೆದಾರನ ಮೂಲಕವಲ್ಲದೆ ತಾನಾಗಿಯೇ ಹೋದವನನ್ನೂ ಅದು ವಲಸೆ ಕಾರ್ಮಿಕನೆಂದು ಒಪ್ಪುತ್ತದೆ. ಹಳೆಯ ಕಾಯ್ದೆ ಮುಕಾದಮರ ಕಿವಿಗೆ ಎಂದಾದರೂ ಬಿದ್ದಿತ್ತೇ ಎಂಬುದು ನನ್ನ ಅನುಮಾನ. ಹೊಸದರ ಹಣೆಬರಹವನ್ನು ಕಾದು ನೋಡಬೇಕು.

ಇನ್ನು ಭಾಷೆ. ಕರ್ನಾಟಕದ ವೃತ್ತಿ ಶಿಕ್ಷಣದ ಪ್ರವೇಶದಲ್ಲಿ ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೆ ಬೇರೆಯೇ ಕಲಮುಗಳಿವೆ. ಗಡಿನಾಡೆಂದರೆ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಮತ್ತು ಕೇರಳದ ಕಾಸರಗೋಡು ಸೀಮೆಯ ತಾಲ್ಲೂಕುಗಳು. ಆಳಂದಕ್ಕೆ ಅಂಟಿಕೊಂಡಿರುವ ಉಮರ್ಗಾ ಈ ಪಟ್ಟಿಯಲ್ಲಿಲ್ಲ. ಅಲ್ಲಿನವರು, ಮುಂಬೈ ಪುಣೆಯವರಂತೆ, ಹೊರನಾಡಿನವರು. ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, 1ರಿಂದ 12ನೆಯ ತರಗತಿಯೊಳಗೆ 7 ವರ್ಷ ಅಲ್ಲಿ ಓದಿರಬೇಕು. ಇದೆಲ್ಲ ಇದ್ದರೂ ಕೊನೆಗೆ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷೆಯ ಪರೀಕ್ಷೆಯನ್ನು ಬರೆದು ತೇರ್ಗಡೆಯಾಗಬೇಕು. ಮಾತು ಬಂದರೆ ಸಾಲದು, ಅಕ್ಷರ ಬರಬೇಕು. ತಾಂಡಾದ ಮಗುವಿಗಂತೂ ಕನ್ನಡ ಮನೆಮಾತೂ ಅಲ್ಲ. ಅದಕ್ಕೆ ಈ ಕಲಮೇ ಇಲ್ಲ.

ಅಕ್ಷರ ಕಲಿಸುವ ಏರ್ಪಾಡು ಮಹಾರಾಷ್ಟ್ರದಲ್ಲಿ ಇಲ್ಲವೆಂದಲ್ಲ. ಅಕ್ಕಲಕೋಟೆ, ಜತ್ತಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡ ಅವುಗಳಲ್ಲೊಂದು. ವಡಾಲಾದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಹಳೆಯದು. ಹಿಂದೆ ಕರಾವಳಿಯ ಸಂಘಗಳು ಹೋಟೆಲಿನ ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿ ಎಷ್ಟೋ ಜನರನ್ನು ಮೇಲಕ್ಕೆತ್ತಿದವು. ಅಮೆರಿಕದ ಪೋಲಿಷ್ ಸಂಘಗಳೂ ಸತ್ತವನ ಮನೆಯವರಿಗೆ ಹಣ ಕೊಡುವ ವಂತಿಗೆಯ ಕೂಟಗಳಾಗಿ ಬೆಳೆದು ಶಾಲೆ, ಪತ್ರಿಕೆ ನಡೆಸಿದವು. ಕಲಬುರ್ಗಿಯ ಬಿಗಾರಿಗಳಿಗೆ ಅಂಥ ಸಂಘಬಲ ಬರಲಿಲ್ಲ. ಹೋಟೆಲಿನವರು ಒಂದೇ ಕಡೆ ಇರುತ್ತಾರೆ, ಬಿಗಾರಿ ಕಟ್ಟಡ ಮುಗಿದಂತೆ ಗುಡಿಸಲು ಕಿತ್ತು ಮುಂದಕ್ಕೆ ಹೋಗುತ್ತಾನೆ. ಪಾಲಿಕೆಯ ಕನ್ನಡ ಶಾಲೆಗಳ ಸಂಖ್ಯೆಯೂ ಇಳಿಯುತ್ತಲೇ ಬಂದಿದೆ.

ಮೂಲ ಹುಡುಕುವವರಿಗೆ ಕೊನೆಯದಾಗಿ ಒಂದು ಸಣ್ಣ ಉಪಯುಕ್ತ ವಿವರ. 1948ಕ್ಕೆ ಮುಂಚಿನ ಇಲ್ಲಿನ ಸರ್ಕಾರಿ ಕಾಗದಗಳು ಬಹುಮಟ್ಟಿಗೆ ಉರ್ದುವಿನಲ್ಲಿವೆ. ಅವುಗಳಲ್ಲಿ ವರ್ಷ 1350 ಎಂದೋ 1357 ಎಂದೋ ಇರುವುದನ್ನು ಕಂಡು ಗಾಬರಿಯಾಗಬೇಕಿಲ್ಲ, ಅದು ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷ. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ತಾರೀಖಾದರೆ 590, ಮುಂದಿನ ತಿಂಗಳುಗಳದಾದರೆ 591 ಕೂಡಿಸಬೇಕು. ಫಸಲಿ 1357 ಎಂದರೆ 1947-48.