ಗಡಿಯಲ್ಲಿ ಕಂಡ ಬೆಳಕು

ನಸುಕಿನಲ್ಲಿ ಗಿರಿನಗರದ ತಾರಸಿಯಿಂದ ಬೆಳ್ಳಿಚುಕ್ಕಿ ಕಂಡರೆ ಯಾರೂ ಬೆಚ್ಚುವುದಿಲ್ಲ. ಚೀನಾ ಗಡಿಯ ಕಾವಲುಗಾರನ ಪಾಡು ಬೇರೆ. ಲಡಾಖಿನ ಪ್ಯಾಂಗಾಂಗ್ ಸರೋವರದ ಮೇಲೆ ಗುರುತು ಸಿಗದ ಬೆಳಕುಗಳನ್ನು ನಮ್ಮ ಯೋಧರು 2013ರ ಫೆಬ್ರುವರಿಯೊಳಗೆ 329 ಬಾರಿ ಕಂಡು ದಾಖಲಿಸಿದ್ದರು. 155 ಬಾರಿ ಅವು ಗಡಿ ದಾಟಿದವೆಂದು ಸೇನೆಯ ಲೆಕ್ಕ. ಬೇಹುಗಾರಿಕೆಯ ಡ್ರೋನ್ ಎಂಬ ಅನುಮಾನ. ಅವಸರಪಟ್ಟು ಗುಂಡು ಹಾರಿಸಿದ್ದರೆ?

ನಗುವ ಮಾತಲ್ಲ. ಆ ಎತ್ತರದ ತೆಳುಗಾಳಿಯಲ್ಲಿ ಗ್ರಹಗಳು ಇನ್ನಷ್ಟು ಹೊಳೆಯುತ್ತವೆ. ಆದರೆ ಡ್ರೋನ್ ಮನಬಂದತ್ತ ತಿರುಗೀತು. ಗ್ರಹ ನಕ್ಷತ್ರಗಳೊಂದಿಗೇ ಪಡುವಣಕ್ಕೆ ಸಾಗುತ್ತದೆ, ದಿನಕ್ಕಿಷ್ಟು ಅವುಗಳ ನಡುವೆ ಸರಿಯುತ್ತದೆ. ನಕ್ಷತ್ರಗಳಿಗೆ ಹೋಲಿಸಿ ಯೋಧರು ಗುರುತಿಸಿದ ಈ ಚಲನೆಯನ್ನೇ ಹಿಡಿದು ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಒಗಟು ಬಿಡಿಸಿತು: ಒಂದು ಗುರು, ಇನ್ನೊಂದು ಶುಕ್ರ, ಅಂದರೆ ನಮ್ಮ ಬೆಳ್ಳಿಚುಕ್ಕಿ.