ಅರಮನೆಯ ದೀಪ ತಗ್ಗಿಸಿದ್ದು ಯಾರು?

ಮೈಸೂರಿನ ದೇವರಾಜ ಅರಸು ರಸ್ತೆಯ ಹಿಂಬದಿ ಗಲ್ಲಿಯಲ್ಲೊಂದು ಸ್ಟುಡಿಯೊ. ಮದುವೆ ಆಲ್ಬಂಗಳೇ ಅದರ ಅನ್ನ. ಅಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ನನಗೊಂದು ಫೈಲ್ ತೆರೆದು ತೋರಿಸಿದ. ಒಂದು ಕಪ್ಪು ಗೆರೆ, ಒಂದು ಬಿಳಿ ಗೆರೆ, ಮತ್ತೆ ಕಪ್ಪು, ಮತ್ತೆ ಬಿಳಿ. ಪ್ರತಿಯೊಂದೂ ಒಂದೇ ಪಿಕ್ಸೆಲ್ ದಪ್ಪ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಗೆರೆಗಳೆಲ್ಲ ಕಲಸಿಹೋಗಿ ತಿಳಿ ಬೂದು ಬಣ್ಣದ ಚೌಕ ಕಾಣುತ್ತದೆ. ‘ಈಗ ಅರ್ಧ ಸೈಜಿಗೆ ಇಳಿಸ್ತೀನಿ, ನೋಡ್ತಿರಿ ಮೇಡಂ’ ಅಂದ. ಇಳಿಸಿದ. ಚೌಕ ಚಿಕ್ಕದಾಯಿತು, ಅದು ಸರಿ. ಆದರೆ ತಿಳಿ ಬೂದು ಇದ್ದದ್ದು ಕಡು ಬೂದು ಆಗಿತ್ತು. ಬ್ರೈಟ್‌ನೆಸ್, ಕಾಂಟ್ರಾಸ್ಟ್ ಯಾವುದನ್ನೂ ಅವನು ಮುಟ್ಟಿರಲಿಲ್ಲ. ನಾನೇ ಮೌಸ್ ಕಿತ್ತುಕೊಂಡು ಮಾಡಿ ನೋಡಿದೆ. ಅದೇ ಕಥೆ!

ನಾನು ಹೋಗಿದ್ದು ಕ್ಯಾಮೆರಾ ಹಿಡಿದವರೆಲ್ಲ ಗೊಣಗುವ ಆ ಪ್ರಶ್ನೆ ಇಟ್ಟುಕೊಂಡು: ಎಡಿಟ್ ಮಾಡುವಾಗ ಬೆಳಗುತ್ತಿದ್ದ ಫೋಟೊ ಜಾಲತಾಣಕ್ಕೆ ಹಾಕಿದ ಮೇಲೆ ಯಾಕೆ ಮಂಕಾಗುತ್ತದೆ? ಸ್ಟುಡಿಯೊ ಯಜಮಾನರ ಬಳಿ ಉತ್ತರ ಸಿದ್ಧವಿತ್ತು. ‘ಎಂಬಿ ಕಡಿಮೆ ಮಾಡ್ತಾರಲ್ಲ ಮೇಡಂ, ಅದರ ಜೊತೆ ಬೆಳಕನ್ನೂ ಕುಡಿದುಬಿಡ್ತಾರೆ.’ ಹುಡುಗ ಅವರ ಅಕ್ಕನ ಮಗ. ‘ಮಾವ, ಎಂಬಿಗೂ ಬೆಳಕಿಗೂ ಸಂಬಂಧ ಇಲ್ಲ’ ಎಂದು ತಿರುಗಿ ನೋಡದೆಯೇ ಹೇಳಿದ. ಅವನ ಮಾತೇ ಸರಿ. ಜೆಪೆಗ್ ಹಿಂಡಿದಷ್ಟೂ ಸಣ್ಣ ವಿವರಗಳು ಒಡೆಯುತ್ತವೆ, ಅಂಚುಗಳ ಸುತ್ತ ಕೊಳೆ ಕೂರುತ್ತದೆ. ಒಟ್ಟು ಬೆಳಕು ಮಾತ್ರ ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ.

ಹಾಗಾದರೆ ಆ ಚೌಕಕ್ಕೆ ಏನಾಯಿತು? ಪಿಕ್ಸೆಲ್‌ನಲ್ಲಿ 0ಯಿಂದ 255ರವರೆಗೆ ಬರೆದಿಟ್ಟ ಅಂಕಿ ಬೆಳಕಿನ ಅಳತೆ ಅಲ್ಲ. 255 ಪೂರ್ತಿ ಬಿಳಿ ಎಂದರೆ 128 ಅರ್ಧ ಬೆಳಕು ಎಂದುಕೊಳ್ಳುತ್ತೇವೆ. ಪರದೆಯ ಮೇಲೆ ಅದು ಬರುವುದು ಶೇ 22ರಷ್ಟು. ನಿಜವಾದ ಅರ್ಧ ಬೆಳಕು ಬೇಕಾದರೆ ಅಂಕಿ 188 ಇರಬೇಕು. 40 ಅಡಿ ಉದ್ದ, 40 ಅಡಿ ಅಗಲದ ಸೈಟಿನ ಅಂಚನ್ನು ಅರ್ಧ ಮಾಡಿದರೆ ಜಾಗ ಅರ್ಧ ಉಳಿಯುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದಲ್ಲ, ಸುಮಾರಾಗಿ ಆ ಲೆಕ್ಕ. ಕುಗ್ಗಿಸುವ ತಂತ್ರಾಂಶ ಇದನ್ನು ಮರೆತು ಕಪ್ಪಿನ 0, ಬಿಳಿಯ 255 ಕೂಡಿಸಿ ಎರಡರಿಂದ ಭಾಗಿಸಿ 128 ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ಗಣಿತ ಸರಿ, ಬೆಳಕು ಮಾಯ.

ಗೆರೆಯ ಚೌಕವನ್ನು ಯಾರು ಪೋಸ್ಟ್ ಮಾಡುತ್ತಾರೆ ಎಂದು ಕೇಳಬಹುದು. ನಾನೂ ಕೇಳಿದೆ. ಹುಡುಗ ಅರಮನೆಯ ಫೋಟೊ ತೆಗೆದ. ಭಾನುವಾರ ಸಂಜೆ ದೀಪ ಹತ್ತಿದಾಗ ತೆಗೆದದ್ದು, ಮೈಸೂರಿನಲ್ಲಿ ಕ್ಯಾಮೆರಾ ಇರುವ ಪ್ರತಿಯೊಬ್ಬರ ಬಳಿಯೂ ಇರುವಂಥದ್ದೇ. ಲಕ್ಷದ ಹತ್ತಿರ ಬಲ್ಬುಗಳು. ಪ್ರತಿಯೊಂದೂ ಕಪ್ಪಿನ ನಡುವೆ ಒಂದು ಬಿಳಿ ಚುಕ್ಕೆ. ಗೆರೆಯ ಚೌಕಕ್ಕೆ ಇದಕ್ಕಿಂತ ಹತ್ತಿರದ ನೆಂಟ ಸಿಗುವುದು ಕಷ್ಟ. ನಾಲ್ಕು ಪಿಕ್ಸೆಲ್‌ಗಳ ಒಂದು ಗುಂಪಿನಲ್ಲಿ ಒಂದು ಬಲ್ಬು, ಮೂರು ಕಪ್ಪು ಎಂದಿಟ್ಟುಕೊಳ್ಳಿ. ಅರ್ಧ ಸೈಜಿಗೆ ಇಳಿಸಿದಾಗ ಆ ನಾಲ್ಕೂ ಸೇರಿ ಒಂದಾಗಬೇಕು. ಬೆಳಕಿನ ಲೆಕ್ಕದಲ್ಲಿ ಶೇ 25 ಉಳಿಯಬೇಕು, ಅಂದರೆ 137 ಎಂಬ ಅಂಕಿ. ತಂತ್ರಾಂಶ ಬರೆಯುವುದು 64. ಅದರ ಬೆಳಕು ಶೇ 5. ಐದು ಬಲ್ಬಿನಲ್ಲಿ ನಾಲ್ಕನ್ನು ಕಿತ್ತ ಹಾಗೆ. 6000 ಪಿಕ್ಸೆಲ್ ಅಗಲದ ಫೋಟೊ 1080ಕ್ಕೆ ಇಳಿಯುವಾಗ ಮೂವತ್ತು ಪಿಕ್ಸೆಲ್‌ಗಳು ಒಂದರೊಳಗೆ ತೂರಬೇಕು. ಮುಂಭಾಗದ ಕಮಾನುಗಳ ಬಲ್ಬುಗಳು ಫೋಟೊದಲ್ಲಿ ಉಬ್ಬಿ ಒಂದಕ್ಕೊಂದು ಅಂಟಿರುವುದರಿಂದ ಬಚಾವಾಗುತ್ತವೆ. ಮೇಲಿನ ಗೋಪುರದ ತೆಳು ಸಾಲುಗಳೇ ಮೊದಲು ಸೊರಗುವುದು. ಹುಡುಗ ಎರಡು ಬಗೆಯಲ್ಲಿ ಕುಗ್ಗಿಸಿದ ಅರಮನೆಗಳನ್ನು ಅಕ್ಕಪಕ್ಕ ಇಟ್ಟ. ಒಂದು ಹಬ್ಬದ ದಿನದ ಅರಮನೆ, ಇನ್ನೊಂದು ಕರೆಂಟು ಕಮ್ಮಿ ಬಂದ ದಿನದ್ದು. ಜರಿ ಸೀರೆಯ ಮಿನುಗು, ಬಿಸಿಲಿನ ಕೆರೆ ನೀರಿನ ಮಿಂಚು, ಎಲೆಗಳ ನಡುವೆ ಇಣುಕುವ ಆಕಾಶ ಇವಕ್ಕೂ ಇದೇ ಗತಿ.

ಇದು ಹುಡುಗ ಕಂಡುಹಿಡಿದದ್ದಲ್ಲ. ಎರಿಕ್ ಬ್ರಾಸ್ಯೂರ್ ಎಂಬವರು 2007ರಲ್ಲೇ ಇದನ್ನು ಬರೆದು, ತಂತ್ರಾಂಶಗಳನ್ನು ಸಿಕ್ಕಿಹಾಕಿಸಲು ಒಂದು ತುಂಟ ಚಿತ್ರವನ್ನೂ ತಯಾರಿಸಿದರು. ನೋಡಲು ಅದು ದಲೈ ಲಾಮಾ ಅವರ ಭಾವಚಿತ್ರ. ಲೆಕ್ಕ ತಪ್ಪುವ ತಂತ್ರಾಂಶಕ್ಕೆ ಕೊಟ್ಟು ಅರ್ಧಕ್ಕೆ ಕುಗ್ಗಿಸಿದರೆ ಮುಖ ಪೂರ್ತಿ ಅಳಿಸಿಹೋಗಿ ಬರೀ ಬೂದು ಚೌಕ ಉಳಿಯುತ್ತದೆ. ಆಗ ಹೆಸರುವಾಸಿ ತಂತ್ರಾಂಶಗಳೇ ಸಾಲಾಗಿ ಸಿಕ್ಕಿಬಿದ್ದವು. ಹಲವು ಇವತ್ತಿಗೂ ತಿದ್ದಿಕೊಂಡಿಲ್ಲ. ಸರಿಯಾದ ಲೆಕ್ಕಕ್ಕೆ ಸಮಯ ತುಸು ಹೆಚ್ಚು ಹಿಡಿಯುತ್ತದೆ, ಯಾರೂ ದೂರು ಕೊಡುವುದಿಲ್ಲ, ಹಾಗಾಗಿ ನಡೆಯುತ್ತಿದೆ. ನನ್ನ ಅಭಿಪ್ರಾಯ ಕೇಳಿದರೆ ಇದು ಶುದ್ಧ ಸೋಮಾರಿತನ.

ಬೆಳಕಿನ ಜೊತೆ ನೇರವಾಗಿ ಏರದ ಈ ವಕ್ರ ಅಂಕಿ ಬಂದದ್ದು ಹಳೆಯ ಪಿಕ್ಚರ್ ಟ್ಯೂಬಿನಿಂದ. ಅದಕ್ಕೆ ಅರ್ಧ ಸಿಗ್ನಲ್ ಕೊಟ್ಟರೆ ಬೆಳಕು ಐದನೇ ಒಂದು ಭಾಗದ ಆಸುಪಾಸು ಬರುತ್ತಿತ್ತು. ಮನೆಮನೆಯ ಟಿವಿಯೊಳಗೆ ಅದನ್ನು ತಿದ್ದುವ ಬದಲು ಎಂಜಿನಿಯರುಗಳು ಕ್ಯಾಮೆರಾದ ಕಡೆಯಲ್ಲೇ ಉಲ್ಟಾ ತಿದ್ದಿ ಕಳಿಸಿದರು. ಕತ್ತಲ ಕಡೆಯ ಸಣ್ಣ ವ್ಯತ್ಯಾಸವನ್ನು ನಮ್ಮ ಕಣ್ಣು ಬೇಗ ಹಿಡಿಯುವುದರಿಂದ ಆ ವಕ್ರತೆ ಕಂಪ್ಯೂಟರಿಗೂ ಲಾಭವೇ ಆಯಿತು. ಟ್ಯೂಬು ಹೋದರೂ ಅದು ಉಳಿಯಿತು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆಗೋಲು ಮುಂದಿಟ್ಟವು, 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡವಾಯಿತು. ವಕ್ರತೆ ಎಷ್ಟು ಎಂದು ಹೇಳುವ ಅಂಕಿಗೆ ಗ್ಯಾಮಾ ಎಂದು ಹೆಸರು. ಮ್ಯಾಕ್ ಮಾತ್ರ ಮುದ್ರಣದವರ ಅನುಕೂಲಕ್ಕೆಂದು 1.8ರ ಗ್ಯಾಮಾ ಹಿಡಿದು ಕೂತಿತ್ತು, ಉಳಿದವರದು 2.2. ಮ್ಯಾಕ್‌ನಲ್ಲಿ ಚೆಂದ ಮಾಡಿದ ಚಿತ್ರ ವಿಂಡೋಸ್‌ನಲ್ಲಿ ಕತ್ತಲಾಗುತ್ತಿದ್ದದ್ದು ಅದಕ್ಕೇ. 2009ರ ಮ್ಯಾಕ್ ಆವೃತ್ತಿ ಸ್ನೋ ಲೆಪರ್ಡ್‌ನಿಂದ ಆ ಜಗಳ ಮುಗಿಯಿತು.

ಇಷ್ಟೆಲ್ಲ ಕೇಳಿಸಿಕೊಂಡ ಯಜಮಾನರು, ‘ಅರಮನೆ ಬಿಡಿ. ನನ್ನ ಮದುಮಗಳ ಮುಖ ಯಾಕೆ ಕತ್ತಲೆ?’ ಅಂದರು. ನ್ಯಾಯವಾದ ಪ್ರಶ್ನೆ. ಹಣೆ, ಕೆನ್ನೆಯಂಥ ನುಣುಪು ಜಾಗದಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳು ಹೆಚ್ಚುಕಡಿಮೆ ಒಂದೇ ಇರುತ್ತವೆ. ಎಷ್ಟು ಕುಗ್ಗಿಸಿದರೂ ಅಲ್ಲಿ ಬೆಳಕು ಕಳೆಯುವುದಿಲ್ಲ. (ಮದುಮಗಳ ಮುಖ ಇನ್ನೂ ಬೆಳ್ಳಗಾಗಲಿ ಎಂಬ ಗಿರಾಕಿಗಳ ಬೇಡಿಕೆಗೆ ಗ್ಯಾಮಾ ಹೊಣೆಯಲ್ಲ, ಅದು ಬೇರೆಯೇ ರೋಗ.) ನನಗೆ ಪ್ರಿಯವಾದ ಅಪರಾಧಿ ಇಲ್ಲಿ ನಿರಪರಾಧಿ ಎಂದು ಒಪ್ಪಬೇಕಾಯಿತು.

ಉತ್ತರ ಆ ಕೋಣೆಯಲ್ಲೇ ಇತ್ತು. ಕಿಟಕಿಗೆ ಪರದೆ, ಟ್ಯೂಬ್‌ಲೈಟ್ ಆಫ್, ಮಾನಿಟರಿನ ಬ್ರೈಟ್‌ನೆಸ್ ನೂರಕ್ಕೆ ನೂರು. ಎಸ್‌ಆರ್‌ಜಿಬಿ ರೂಪಿಸಿದವರು ಮನಸ್ಸಿನಲ್ಲಿಟ್ಟುಕೊಂಡದ್ದು ಚದರ ಮೀಟರಿಗೆ 80 ಕ್ಯಾಂಡೆಲಾ ಬೆಳಕಿನ ಪರದೆ. ಇಂದಿನ ಮಾನಿಟರನ್ನು ತುದಿಗೆ ಏರಿಸಿದರೆ ಅದರ ಮೂರು ಪಟ್ಟು ದಾಟುವುದು ಮಾಮೂಲು. ಕತ್ತಲೆ ಕೋಣೆಯಲ್ಲಿ ಅಂಥ ಪರದೆ ನೋಡುತ್ತ ಕೂತವರ ಕೈ ತಾನಾಗಿಯೇ ಬೆಳಕು ತಗ್ಗಿಸುತ್ತದೆ. ಅದೇ ಫೋಟೊವನ್ನು ಮದುಮಗಳ ಚಿಕ್ಕಪ್ಪ ಬ್ಯಾಟರಿ ಉಳಿಸಲು ಬ್ರೈಟ್‌ನೆಸ್ ಇಳಿಸಿಟ್ಟ ಫೋನಿನಲ್ಲಿ, ಬಸ್ ಸ್ಟ್ಯಾಂಡಿನ ಬಿಸಿಲಲ್ಲಿ ನಿಂತು ನೋಡುತ್ತಾರೆ. ‘ಮಾವ, ನಿಮ್ಮ ಫೋಟೊ ಮುಂಚೆನೇ ಕತ್ತಲೆ. ಮಾನಿಟರ್ ಮುಚ್ಚಿಡ್ತಿತ್ತು, ಅಷ್ಟೆ’ ಎಂದು ಹುಡುಗ ಬ್ರೈಟ್‌ನೆಸ್ ಇಳಿಸಿದ. ಯಜಮಾನರು ಮತ್ತೆ ಏರಿಸಿದರು. ನಾನು ಅಲ್ಲಿರುವಷ್ಟು ಹೊತ್ತೂ ಆ ಬಟನ್ ಮೇಲೆ ಹೋರಾಟ ನಡೆದೇ ಇತ್ತು.

ಇನ್ನೊಂದು ಕಾರಣ ಕಣ್ಣಿನದು. ಎಡಿಟ್ ಮಾಡುವ ತಂತ್ರಾಂಶದ ಹಿನ್ನೆಲೆ ಕಡು ಬೂದು. ಅದರ ಮೇಲೆ ಯಾವ ಚಿತ್ರವೂ ಬೆಳಗುತ್ತದೆ. ಜಾಲತಾಣದ ಬಿಳಿ ಪುಟಕ್ಕೆ ಬಂದ ಕೂಡಲೇ ಅದೇ ಚಿತ್ರ ಮಂಕು. ಈ ಕಣ್ಕಟ್ಟು ಹೊಸದಲ್ಲ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಉಸ್ತುವಾರಿ ನೋಡುತ್ತಿದ್ದ ಶೆವ್ರಲ್ ಎಂಬ ರಸಾಯನ ವಿಜ್ಞಾನಿಗೆ ಕಪ್ಪು ನೂಲಿನ ಬಣ್ಣ ಪೇಲವವಾಗಿದೆ ಎಂಬ ದೂರು ಬಂದಿತ್ತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿಲ್ಲ. ಪಕ್ಕದ ನೀಲಿ, ನೇರಳೆ ನೂಲುಗಳು ಕಣ್ಣನ್ನು ಏಮಾರಿಸುತ್ತಿದ್ದವು. 1839ರಲ್ಲಿ ಅವರು ಈ ಕುರಿತು ದಪ್ಪ ಪುಸ್ತಕವನ್ನೇ ತಂದರು. ಎಡಿಟ್ ಮುಗಿಸುವ ಮೊದಲು ಚಿತ್ರದ ಸುತ್ತ ಒಂದು ಬಿಳಿ ಅಂಚು ಹಾಕಿ ನೋಡಿದರೆ ಈ ಮೋಸ ಅಲ್ಲೇ ಬಯಲು.

ಇನ್ನು ಪ್ರೊಫೈಲಿನ ತಕರಾರು. ಫೈಲಿನ ಅಂಕಿಗಳನ್ನು ಯಾವ ಅಳತೆಗೋಲಿನಲ್ಲಿ ಓದಬೇಕು ಎಂದು ಹೇಳುವ ಚೀಟಿಯೇ ಪ್ರೊಫೈಲ್. ಕೊಡಾಕ್‌ನಿಂದ ಬಂದ ಬಣ್ಣದ ಅಳತೆಗೋಲು ಪ್ರೊಫೋಟೊ ಆರ್‌ಜಿಬಿಯ ಗ್ಯಾಮಾ 1.8. ಅದರಲ್ಲಿ ಉಳಿಸಿದ ಫೈಲಿನಿಂದ ಪ್ರೊಫೈಲ್ ಉದುರಿ ಬ್ರೌಸರ್ ಅದನ್ನು ಎಸ್‌ಆರ್‌ಜಿಬಿ ಎಂದು ಓದಿಕೊಂಡರೆ ಶೇ 18ರ ನಡುಬೂದು ಶೇ 12ರ ಹತ್ತಿರಕ್ಕೆ ಬೀಳುತ್ತದೆ, ಬಣ್ಣವೂ ಸಪ್ಪೆ. ಎಕ್ಸ್‌ಪೋರ್ಟ್ ಮಾಡುವಾಗ ಎಸ್‌ಆರ್‌ಜಿಬಿ ಆರಿಸಿದರೆ ಮುಗಿಯಿತು. ಹೊಸ ಫೋನುಗಳದು ಬೇರೆ ತರಲೆ: ಫೋಟೊದ ಜೊತೆಗೆ ಎಲ್ಲೆಲ್ಲಿ ಹೆಚ್ಚು ಬೆಳಗಬೇಕು ಎಂಬ ನಕ್ಷೆಯೂ ಇರುತ್ತದೆ, 2023ರ ಆಂಡ್ರಾಯ್ಡ್ 14ರ ಅಲ್ಟ್ರಾ ಎಚ್‌ಡಿಆರ್ ಈ ಬಗೆಯದು. ಎಡಿಟಿಂಗಿನಲ್ಲೋ ಕಳಿಸುವಾಗಲೋ ಆ ನಕ್ಷೆ ಕಳಚಿಕೊಂಡರೆ ಗ್ಯಾಲರಿಯಲ್ಲಿ ಝಗಮಗಿಸುತ್ತಿದ್ದದ್ದು ಸಾಧಾರಣ ಫೋಟೊ ಆಗಿಬಿಡುತ್ತದೆ.

ನಿಮ್ಮ ಫೋಟೊಗೆ ಇವುಗಳಲ್ಲಿ ಯಾವುದು ತಗುಲಿದೆ ಎಂದು ತಿಳಿಯಲು ಹುಡುಗ ಮಾಡುವ ಪರೀಕ್ಷೆ ಸುಲಭ. ಪೋಸ್ಟ್ ಆದ ಚಿತ್ರವನ್ನು ಇಳಿಸಿಕೊಂಡು, ಅದೇ ಮಾನಿಟರಿನಲ್ಲಿ, ಒಂದೇ ತಂತ್ರಾಂಶದೊಳಗೆ ಮೂಲದ ಪಕ್ಕ ಒಂದೇ ಅಳತೆಗೆ ಇಟ್ಟು ನೋಡುವುದು. ಎರಡೂ ಒಂದೇ ಥರ ಕಂಡರೆ ಬ್ರೈಟ್‌ನೆಸ್ ಬಟನ್ನು, ಕೋಣೆಯ ಕತ್ತಲು, ಇಲ್ಲವೇ ಪುಟದ ಬಿಳಿ. ಇಡೀ ಚಿತ್ರ ಮಂಕಾಗಿದ್ದರೆ ಪ್ರೊಫೈಲ್. ಬೆಳಗುವ ಜಾಗಗಳಷ್ಟೇ ತಣ್ಣಗಾಗಿದ್ದರೆ ಫೋನಿನ ಆ ನಕ್ಷೆ. ಚುಕ್ಕೆ ದೀಪಗಳು, ಜರಿ ಮಾತ್ರ ಸೊರಗಿದ್ದರೆ ಕುಗ್ಗಿಸಿದವರ ಲೆಕ್ಕ ತಪ್ಪಿದೆ. ಆಗ ಫೋಟೊಶಾಪ್‌ನಲ್ಲಿ 32 ಬಿಟ್‌ಗೆ ಬದಲಾಯಿಸಿ ನೀವೇ 1080ಕ್ಕೆ ಇಳಿಸಿ, ಮತ್ತೆ 8 ಬಿಟ್‌ಗೆ ತಂದು ಹಾಕಬಹುದು. 2018ರಲ್ಲಿ ಬಂದ ಗಿಂಪ್ 2.10 ಈ ಕೆಲಸವನ್ನು ಕೇಳದೆಯೇ ಸರಿಯಾಗಿ ಮಾಡುತ್ತದೆ, ಅದೂ ಪುಕ್ಕಟೆ.