ಆಸ್ಪತ್ರೆಗೆ ಎಐ ಬಂತು, ಮುಂದೇನು? ಕೊಳ್ಳೋ ಮೊದಲು ಕೇಳಬೇಕಾದ ಐದು ಪ್ರಶ್ನೆ

ಇವತ್ತಿನ ವಿಷಯ: ಎಐ, ಅಂದ್ರೆ ಕೃತಕ ಬುದ್ಧಿಮತ್ತೆಯ ಸಾಧನಗಳನ್ನ ಒಂದು ಆಸ್ಪತ್ರೆ ತರಿಸಿಕೊಳ್ಳಬೇಕೋ ಬೇಡವೋ ಅಂತ ಹೇಗೆ ತೀರ್ಮಾನ ಮಾಡೋದು?

ಹೆಬ್ಬಾಳದ ಸುತ್ತಮುತ್ತ ದೊಡ್ಡ ದೊಡ್ಡ ಕಾರ್ಪೊರೇಟ್ ಆಸ್ಪತ್ರೆಗಳಿವೆ. ಅಂಥ ಕಡೆ ಇದನ್ನೆಲ್ಲ ಪರೀಕ್ಷಿಸೋಕೆ ಜನ ಇರ್ತಾರೆ, ದುಡ್ಡೂ ಇರತ್ತೆ. ಆದ್ರೆ ಆರ್‌.ಟಿ. ನಗರದ ಒಳರಸ್ತೆಯಲ್ಲೋ ಯಲಹಂಕ ಉಪನಗರದಲ್ಲೋ ಇರುವ ಇಪ್ಪತ್ತು ಹಾಸಿಗೆಯ ಒಂದು ನರ್ಸಿಂಗ್ ಹೋಂ ಕಲ್ಪಿಸಿಕೊಳ್ಳಿ. ಕಂಪನಿಯವರು ಲ್ಯಾಪ್‌ಟಾಪ್ ಹಿಡಿದು ಬರ್ತಾರೆ, ಡೆಮೊ ತೋರಿಸ್ತಾರೆ. ಎಕ್ಸ್‌ರೇ ಹಾಕಿದ ಕೂಡಲೇ ರಿಪೋರ್ಟ್ ರೆಡಿ! ಅಲ್ಲಿನ ಡಾಕ್ಟರು ಹೂಂ ಅನ್ನಬೇಕಾ? ತೀರ್ಮಾನ ಅವರದ್ದು. ಆದ್ರೆ ಎಕ್ಸ್‌ರೇ ನಿಮ್ಮದು, ನಿಮ್ಮ ಅಪ್ಪ–ಅಮ್ಮನದ್ದು.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಿದ್ದು ನಿಮಗೆ ನೆನಪಿದೆ. ಅವರ ಹೆಸರಲ್ಲೇ ರಾಜ್ಯ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆ ತಂದಿದೆ. ಎದೆನೋವು ಅಂತ ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಇಸಿಜಿ ಮಾಡ್ತಾರೆ. ಹೃದಯಾಘಾತದ ಲಕ್ಷಣ ಇದೆಯಾ ಅಂತ ಬೇಗ ಗುರುತಿಸೋಕೆ ಎಐ ನೆರವಾಗತ್ತೆ. ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರ ಜತೆ ಸಂಪರ್ಕ ಇರತ್ತೆ. ಅಗತ್ಯ ಇದ್ರೆ ಟೆನೆಕ್ಟೆಪ್ಲೇಸ್ ಅನ್ನೋ ಇಂಜೆಕ್ಷನ್‌ ಅಲ್ಲೇ ಉಚಿತವಾಗಿ ಕೊಡ್ತಾರೆ. ಹೆಪ್ಪುಗಟ್ಟಿದ ರಕ್ತವನ್ನ ಕರಗಿಸುವ ದುಬಾರಿ ಔಷಧ ಅದು. ಆಮೇಲೆ ರೋಗಿಯನ್ನ ದೊಡ್ಡ ಆಸ್ಪತ್ರೆಗೆ ಕಳಿಸ್ತಾರೆ.

ಇದರಲ್ಲಿ ಎಐ ಸರಪಳಿಯ ಒಂದು ಕೊಂಡಿ ಅಷ್ಟೇ. ಇಂಜೆಕ್ಷನ್ ಇಲ್ಲ, ತಜ್ಞರಿಲ್ಲ, ಆಂಬುಲೆನ್ಸ್ ಇಲ್ಲ ಅಂದ್ರೆ ‘ಇದು ಹೃದಯಾಘಾತ’ ಅಂತ ಬೇಗ ಗೊತ್ತಾಗಿ ಏನು ಪ್ರಯೋಜನ? ಹಾಗಾಗಿ ‘ಎಐ ಎಷ್ಟು ಕರೆಕ್ಟಾಗಿ ಹೇಳತ್ತೆ’ ಅನ್ನೋದಕ್ಕಿಂತ ಮೊದಲು ಕೇಳಬೇಕಾದ್ದು, ‘ಅದು ಹೇಳಿದ ಮೇಲೆ ನಮ್ಮಲ್ಲಿ ಯಾರು, ಏನು ಮಾಡ್ತಾರೆ?’ ಇದು ಒಂದನೇ ಪ್ರಶ್ನೆ.

95 ಪರ್ಸೆಂಟ್ ಅನ್ನೋ ಮಾತು

ಎರಡನೇ ಪ್ರಶ್ನೆ: ಪರೀಕ್ಷೆ ಮಾಡಿದ್ದು ಯಾರ ಮೇಲೆ? ಅಮೆರಿಕದ ನೂರಾರು ಆಸ್ಪತ್ರೆಗಳು ಎಪಿಕ್ ಕಂಪನಿಯ ಒಂದು ಸಾಫ್ಟ್‌ವೇರ್ ಹಾಕಿಕೊಂಡಿದ್ದವು. ಸೆಪ್ಸಿಸ್, ಅಂದ್ರೆ ಸೋಂಕಿನಿಂದ ಜೀವಕ್ಕೇ ಕುತ್ತು ಬರುವ ಸ್ಥಿತಿಯನ್ನ ಮೊದಲೇ ಗುರುತಿಸೋದು ಅದರ ಕೆಲಸ. ಮಿಷಿಗನ್ ವಿಶ್ವವಿದ್ಯಾಲಯದವರು ತಮ್ಮ ರೋಗಿಗಳ ದಾಖಲೆ ಇಟ್ಟುಕೊಂಡು ಅದನ್ನ ಪರೀಕ್ಷಿಸಿ, 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೆಪ್ಸಿಸ್ ಆದವರಲ್ಲಿ ಶೇ 67ರಷ್ಟು ಜನರನ್ನ ಅದು ಗುರುತಿಸಿರಲೇ ಇಲ್ಲ. ಹೀಗಿದ್ದೂ ದಾಖಲಾದ ಪ್ರತಿ ನೂರರಲ್ಲಿ 18 ಮಂದಿಗೆ ಎಚ್ಚರಿಕೆಯ ಗಂಟೆ ಬಾರಿಸಿತ್ತು!

ಈಗ ಒಂದು ಸಣ್ಣ ಲೆಕ್ಕ. ಸಾವಿರ ಜನ ಬಂದ್ರು ಅಂತ ಇಟ್ಕೊಳ್ಳಿ. ಅವರಲ್ಲಿ ನಿಜವಾಗಿ ಕಾಯಿಲೆ ಇರೋದು 10 ಮಂದಿಗೆ. ಸಾಧನ ಶೇ 90ರಷ್ಟು ಸರಿ. ಹತ್ತರಲ್ಲಿ 9 ಜನರನ್ನ ಹಿಡಿಯತ್ತೆ. ಉಳಿದ 990 ಆರೋಗ್ಯವಂತರಲ್ಲಿ 99 ಮಂದಿಗೂ ‘ಕಾಯಿಲೆ ಇದೆ’ ಅನ್ನತ್ತೆ. ಒಟ್ಟು 108 ಮಂದಿ ಗಾಬರಿ ಆಗ್ತಾರೆ, ಅವರಲ್ಲಿ ನಿಜವಾದ ರೋಗಿಗಳು ಒಂಬತ್ತೇ. ಉಳಿದವರ ಸ್ಕ್ಯಾನಿಂಗ್ ಖರ್ಚು ಯಾರು ಕೊಡ್ತಾರೆ? ಇದು ಮೂರನೇ ಪ್ರಶ್ನೆ: ತಪ್ಪಾದಾಗ ಹೊರೆ ಯಾರ ಮೇಲೆ?

ನೆಟ್ ಹೋದ್ರೆ?

ನಾಲ್ಕನೇದು, ನಮ್ಮ ಜಾಗಕ್ಕೆ ಇದು ಹೊಂದತ್ತಾ? ಸಕ್ಕರೆ ಕಾಯಿಲೆಯಿಂದ ಕಣ್ಣಿಗೆ ಆಗುವ ಹಾನಿಯನ್ನ ಗುರುತಿಸುವ ಗೂಗಲ್‌ನ ಎಐ ಪ್ರಯೋಗಾಲಯದಲ್ಲಿ ಫಸ್ಟ್ ಕ್ಲಾಸ್. ಥಾಯ್ಲೆಂಡ್‌ನ ಕ್ಲಿನಿಕ್‌ಗಳಿಗೆ ಹೋದಾಗ ಸರಿಯಾದ ಬೆಳಕಿಲ್ಲ, ನೆಟ್ ನಿಧಾನ. ಐದರಲ್ಲಿ ಒಂದಕ್ಕಿಂತ ಹೆಚ್ಚು ಚಿತ್ರಗಳು ಎಐಗೆ ಓದೋಕೆ ಆಗದಷ್ಟು ಕಳಪೆ ಗುಣಮಟ್ಟದವು. 2020ರಲ್ಲಿ ಬಂದ ಅಧ್ಯಯನ ಇದನ್ನೆಲ್ಲ ಹೇಳಿದೆ. ನಮ್ಮ ಬೆಂಗಳೂರಿನದ್ದೇ ಕಂಪನಿ ರೆಮಿಡಿಯೊ ಇದೇ ಕೆಲಸಕ್ಕೆ ಸ್ಮಾರ್ಟ್‌ಫೋನ್ ಜೋಡಿಸಿದ ಕ್ಯಾಮೆರಾ ಮಾಡಿದೆ. ಅದರ ಎಐ ಇಂಟರ್‌ನೆಟ್ ಇಲ್ಲದೆಯೂ ಫೋನಿನಲ್ಲೇ ಓಡತ್ತೆ. ಸಾಧನ ಆರಿಸುವಾಗ ಇಂಥ ವ್ಯತ್ಯಾಸಗಳನ್ನೇ ನೋಡಬೇಕು.

ಐದನೇದು, ಸಹಿ ಯಾರದ್ದು, ಡೇಟಾ ಯಾರ ಹತ್ತಿರ? ರೋಗ ಪತ್ತೆಗೆ ಬಳಸುವ ಸಾಫ್ಟ್‌ವೇರ್ ಕೂಡ 2020ರ ಏಪ್ರಿಲ್‌ನಿಂದ ಭಾರತದಲ್ಲಿ ವೈದ್ಯಕೀಯ ಸಾಧನದ ವ್ಯಾಖ್ಯೆಗೆ ಬರತ್ತೆ. ಹಾಗಾಗಿ ಲೈಸೆನ್ಸ್ ತೋರಿಸಿ ಅಂತ ಡಾಕ್ಟರು ಕೇಳಬೇಕು. ಐಸಿಎಂಆರ್ 2023ರಲ್ಲಿ ಎಐ ಬಗ್ಗೆಯೇ ನೈತಿಕ ಮಾರ್ಗಸೂಚಿ ಕೊಟ್ಟಿದೆ. ಅದೇ ವರ್ಷ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ಡೇಟಾ ಸುರಕ್ಷತೆಯಲ್ಲಿ ಲೋಪ ಆದ್ರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕೋಕೆ ಅದರಲ್ಲಿ ಅವಕಾಶ ಇದೆ.

ಹಾಗಾದ್ರೆ ಬೇಡವಾ?

ಬೇಡ ಅಂತಲ್ಲ. ಎಕ್ಸ್‌ರೇ ಓದೋಕೆ ರಾತ್ರಿ ಯಾರೂ ಇಲ್ಲದ ಕಡೆ ಎಐ ದೊಡ್ಡ ಆಸರೆ. ಕ್ಷಯ ತಪಾಸಣೆಯಲ್ಲಿ 15 ವರ್ಷ ಮೇಲ್ಪಟ್ಟವರ ಎದೆಯ ಎಕ್ಸ್‌ರೇ ಓದೋಕೆ ಇಂಥ ಸಾಫ್ಟ್‌ವೇರ್ ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2021ರಲ್ಲಿ ಹೇಳಿದೆ. ಆದ್ರೆ ಪೂರ್ತಿ ಅದರ ಮೇಲೇ ಒರಗಬಾರದು. ಪೋಲೆಂಡ್‌ನಲ್ಲಿ ಕೊಲೊನೊಸ್ಕೋಪಿಗೆ ಎಐ ನೆರವು ಸಿಗೋಕೆ ಶುರುವಾದ ಮೇಲೆ, ಅದಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ವೈದ್ಯರು ಗಡ್ಡೆ ಪತ್ತೆ ಹಚ್ಚೋ ಪ್ರಮಾಣ ಶೇ 28.4ರಿಂದ 22.4ಕ್ಕೆ ಇಳೀತು ಅಂತ 2025ರ ಅಧ್ಯಯನ ಹೇಳತ್ತೆ.

ಸಣ್ಣ ಆಸ್ಪತ್ರೆಗೆ ಒಳ್ಳೆ ದಾರಿ ಅಂದ್ರೆ ಮೊದಲು ಮೂರು ತಿಂಗಳು ಸುಮ್ಮನೆ ಓಡಿಸಿ ನೋಡೋದು. ಎಐ ತನ್ನ ಪಾಡಿಗೆ ರಿಪೋರ್ಟ್ ಕೊಡ್ಲಿ, ಚಿಕಿತ್ಸೆ ಮಾತ್ರ ಡಾಕ್ಟರು ಓದಿದ್ದರ ಮೇಲೇ ನಡೀಲಿ. ಕೊನೆಗೆ ಎರಡನ್ನೂ ತಾಳೆ ಹಾಕಿ. ಎಷ್ಟು ಹಿಡಿದಿದೆ, ಎಷ್ಟು ಬಿಟ್ಟಿದೆ ಅನ್ನೋದು ನಿಮ್ಮದೇ ರೋಗಿಗಳ ಲೆಕ್ಕದಲ್ಲಿ ಗೊತ್ತಾಗತ್ತೆ. ಇದಕ್ಕೆ ಒಪ್ಪದ ಕಂಪನಿಗೆ ನಮಸ್ಕಾರ ಹೇಳಿ ಕಳಿಸಿ.

ಇನ್ನು ನೀವು ಆಸ್ಪತ್ರೆಗೆ ಹೋದಾಗ ಎರಡೇ ಮಾತು ಕೇಳಿ: ‘ಈ ರಿಪೋರ್ಟನ್ನ ಡಾಕ್ಟರು ನೋಡಿದ್ದಾರಾ? ನನ್ನ ಚಿತ್ರ ಎಲ್ಲಿಗೆ ಹೋಗತ್ತೆ?’ ಕೇಳೋಕೆ ಸಂಕೋಚ ಬೇಡ.

ಇವತ್ತಿಗೆ ಇಷ್ಟೇ. ನಿಮ್ಮ ಏರಿಯಾದ ಡಾಕ್ಟರಿಗೂ ಈ ಸಂಚಿಕೆ ಕಳಿಸಿ. ಮತ್ತೆ ಸಿಗೋಣ.